ಡಬ್ಲಿನ್ ಸಿಪಾಯಿಯ ಕಥೆ ಕಳಿಸಿದ ಗೆಳೆಯರಿಗೆ

ನಮಸ್ಕಾರ.

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಸುಮ್ನೆ ಒಂದು ಸಾಲು ಬರೆದು ವಾಪಸ್ ಕಳಿಸೋಕೆ ಮನಸ್ಸು ಬರಲಿಲ್ಲ. ಮೊದಲ ಪುಟ ಅಷ್ಟು ಚೆನ್ನಾಗಿದೆ.

ಶನಿವಾರ ಸಂಜೆ ಹೆಂಡತಿ ಗಿರವಿ ಅಂಗಡಿಯಿಂದ ಗಂಡನ ಕೋಟು ಬಿಡಿಸಿಕೊಂಡು ಬರುತ್ತಾಳೆ. ಭಾನುವಾರ ಚರ್ಚಿಗೆ ಅದೇ ಕೋಟು. ಸೋಮವಾರ ಬೆಳಿಗ್ಗೆ ಮತ್ತೆ ಗಿರವಿಗೆ. ಆ ಕೋಟಿಗೆ ಬೇರೆಯವರ ಮನೆ ಬಟ್ಟೆಗಳ ವಾಸನೆ ಅಂಟಿಕೊಂಡಿದೆ ಅಂತ ಬರೆದಿದ್ದೀರಿ. ಡಬ್ಲಿನ್‌ನ ಬಡವರ ವಾರ ಹೀಗೇ ಉರುಳುತ್ತಿತ್ತು. ಆ ಸಾಲು ಓದಿದಾಗ ನಿಮಗೆ ಕಥೆ ಬರೆಯುವ ಕಣ್ಣಿದೆ ಅನ್ನಿಸಿತು.

ಎರಡನೇ ಪುಟದಿಂದ ಆ ಕಣ್ಣು ಮುಚ್ಚಿಹೋಗಿದೆ. 1915ರಲ್ಲಿ ಡಬ್ಲಿನ್ನಿನ ಹೆಂಡದಂಗಡಿಯೊಂದರಲ್ಲಿ ಒಬ್ಬ ಜರ್ಮನ್ ಗೂಢಚಾರ, ಬ್ರಿಟಿಷ್ ಸೈನ್ಯದಲ್ಲಿದ್ದು ಬಂದ ನಿಮ್ಮ ಮಾಜಿ ಸಿಪಾಯಿಯ ಪಕ್ಕ ಬಂದು ಕೂರುತ್ತಾನೆ. ಮೂರು ಪುಟ ಸ್ವಾತಂತ್ರ್ಯದ ಭಾಷಣ ಮಾಡುತ್ತಾನೆ. ಚಿನ್ನದ ನಾಣ್ಯದ ಥೈಲಿ ಮೇಜಿನ ಮೇಲಿಡುತ್ತಾನೆ. ಸಿಪಾಯಿ ಪ್ರಮಾಣ ಮಾಡಿ ಹೊರಡುತ್ತಾನೆ, ಕೊನೆಗೆ ಗುಂಡಿಗೆ ಬಲಿಯಾಗುತ್ತಾನೆ. ಇದರಲ್ಲಿ ಒಂದು ಘಟನೆಯನ್ನೂ ನನಗೆ ನಂಬಲಾಗಲಿಲ್ಲ.

ಐರ್ಲೆಂಡ್ ಆಗ ಬ್ರಿಟನ್ ಆಳ್ವಿಕೆಯಲ್ಲಿತ್ತು. ಮೊದಲ ಮಹಾಯುದ್ಧ ಶುರುವಾದ ಮೇಲೆ ಅಲ್ಲಿದ್ದ ಜರ್ಮನ್ನರನ್ನು ಹಿಡಿದು ಮೀತ್ ಕೌಂಟಿಯ ಓಲ್ಡ್‌ಕಾಸಲ್‌ನಲ್ಲಿ ಕೂಡಿಹಾಕುತ್ತಿದ್ದರು. ಹಾಗಿರುವಾಗ ನಿಮ್ಮ ಗೂಢಚಾರ ಅಷ್ಟು ಆರಾಮಾಗಿ ಕೂತು ಮಾತಾಡೋದು ಹೇಗೆ? ಬ್ರಿಟಿಷ್ ಸೈನ್ಯದ ಐರಿಷ್ ಸಿಪಾಯಿಗಳನ್ನು ಬ್ರಿಟನ್ ವಿರುದ್ಧವೇ ತಿರುಗಿಸಲು ಜರ್ಮನಿ ಗಾಳ ಹಾಕಿದ್ದು ನಿಜ. ಆದರೆ ಹಾಕಿದ್ದು ಹೆಂಡದಂಗಡಿಯಲ್ಲಲ್ಲ, ತನ್ನದೇ ನೆಲದ ಸೆರೆ ಶಿಬಿರದಲ್ಲಿ. ನಿಮ್ಮ ಕಥೆ ಹೋಗಬೇಕಾದ ಜಾಗ ಅದು.

ಅಲ್ಲಿಗೆ ಹೋಗುವ ದಾರಿ ಹೀಗಿದೆ. ಆಗ ಬ್ರಿಟಿಷ್ ಕಾಲಾಳು ಸಾಮಾನ್ಯವಾಗಿ ಏಳು ವರ್ಷ ಸೇವೆ ಮಾಡಿ, ಮುಂದಿನ ಐದು ವರ್ಷ ಮೀಸಲು ಪಡೆಯಲ್ಲಿ ಇರುತ್ತಿದ್ದ. ಮನೆಯಲ್ಲೇ ಇರಬಹುದು, ದಿನಕ್ಕೆ ಆರು ಪೆನ್ನಿ ಸಿಗುತ್ತದೆ, ಕರೆ ಬಂದ ದಿನ ಹೊರಡಬೇಕು. ಡಬ್ಲಿನ್‌ನ ಕೂಲಿಯವನಿಗೆ ಆ ಆರು ಪೆನ್ನಿ ದೊಡ್ಡ ಆಸರೆ. 1913ರಲ್ಲಿ ಮಾಲೀಕರು ಸಾವಿರಾರು ಕಾರ್ಮಿಕರನ್ನು ಕೆಲಸದಿಂದ ಹೊರಗೆ ಹಾಕಿ ತಿಂಗಳುಗಟ್ಟಲೆ ಬಾಗಿಲು ಮುಚ್ಚಿದ್ದರು. ಊರಿನ 20 ಸಾವಿರದಷ್ಟು ಕುಟುಂಬಗಳು ಒಂದೊಂದೇ ಕೋಣೆಯಲ್ಲಿ ಬದುಕುತ್ತಿದ್ದವು. ಹೆನ್ರಿಯೆಟ್ಟಾ ಬೀದಿಯ 14ನೇ ನಂಬರ್ ಮನೆ ಒಂದು ಕಾಲದಲ್ಲಿ ಶ್ರೀಮಂತರ ಬಂಗಲೆ. 1911ರ ಜನಗಣತಿ ಹೊತ್ತಿಗೆ ಅದೊಂದರಲ್ಲೇ 100 ಜನ ಇದ್ದರು. ನಿಮ್ಮ ಸಿಪಾಯಿಯನ್ನು ಅಂಥ ಮನೆಯ ಮೆಟ್ಟಿಲ ಮೇಲೆ ಕೂರಿಸಿ. 1914ರ ಆಗಸ್ಟ್‌ನಲ್ಲಿ ಕರೆ ಬರುತ್ತದೆ, ಹೋಗುತ್ತಾನೆ. ಅದೇ ತಿಂಗಳು 27ರಂದು ಫ್ರಾನ್ಸಿನ ಎತ್ರ್ಯೋ ಹತ್ತಿರ ರಾಯಲ್ ಮನ್‌ಸ್ಟರ್ ಫ್ಯೂಸಿಲಿಯರ್ಸ್ ಎಂಬ ಐರಿಷ್ ಪಡೆಯ ಎರಡನೇ ಬೆಟಾಲಿಯನ್ ಇಡೀ ದಿನ ಕಾದಾಡಿ, ಮದ್ದುಗುಂಡು ಮುಗಿದು ಸೆರೆಯಾಯಿತು. ಅವನು ಅಲ್ಲೇ ಸೆರೆಸಿಕ್ಕಲಿ.

ಆ ಚಳಿಗಾಲದಲ್ಲಿ ಜರ್ಮನ್ನರು ಬೇರೆ ಬೇರೆ ಶಿಬಿರಗಳಿಂದ ಐರಿಷ್ ಸೆರೆಯಾಳುಗಳನ್ನು ಮಾತ್ರ ಆರಿಸಿ ಲಿಂಬರ್ಗ್ ಎಂಬ ಊರಿಗೆ ತಂದರು. ಎರಡು ಸಾವಿರಕ್ಕೂ ಜಾಸ್ತಿ ಜನ ಸೇರಿದರು. ಅಲ್ಲಿಗೆ ಬಂದು ಮಾತಾಡಿದವನು ಜರ್ಮನ್ ಅಲ್ಲ, ಅವರದೇ ನಾಡಿನ ರೋಜರ್ ಕೇಸ್ಮೆಂಟ್. ಕಾಂಗೋದಲ್ಲಿ, ಅಮೆಜಾನ್ ಕಾಡಿನಲ್ಲಿ ರಬ್ಬರಿಗಾಗಿ ನಡೆದ ಕ್ರೌರ್ಯವನ್ನು ಬಯಲಿಗೆ ತಂದವನು. ಅದಕ್ಕಾಗಿ ಬ್ರಿಟಿಷ್ ಸರ್ಕಾರ 1911ರಲ್ಲಿ 'ಸರ್' ಪದವಿ ಕೊಟ್ಟಿತ್ತು. ಅವನ ಮಾತಿನಲ್ಲಿ ಮೋಸ ಇರಲಿಲ್ಲ. ಐರ್ಲೆಂಡಿಗಾಗಿ ಪ್ರಾಣ ಕೊಡಲು ತಯಾರಿದ್ದ, 1916ರಲ್ಲಿ ಕೊಟ್ಟೂ ಕೊಟ್ಟ. ಆದರೂ ಸೆರೆಯಾಳುಗಳು ಅವನನ್ನು ಕೂಗಾಡಿ, ತಳ್ಳಾಡಿ ಓಡಿಸಿದರು. ಕೈಯಲ್ಲಿದ್ದ ಛತ್ರಿ ಬೀಸುತ್ತಾ ಅವನು ಆ ಗುಂಪಿನಿಂದ ಪಾರಾದ. ನಿಮ್ಮ ಮೂರು ಪುಟದ ಭಾಷಣಕ್ಕಿಂತ ಆ ಛತ್ರಿ ಜಾಸ್ತಿ ಮಾತಾಡುತ್ತದೆ, ಅಲ್ವಾ?

ಬ್ರಿಟನ್ ವಿರುದ್ಧ ಹೋರಾಡಲು ಈ ಸೆರೆಯಾಳುಗಳಿಂದಲೇ ಅವನು ಕಟ್ಟಲು ಹೊರಟಿದ್ದ ಐರಿಷ್ ಬ್ರಿಗೇಡಿಗೆ ಕೊನೆಗೆ 60 ಜನವೂ ಸೇರಲಿಲ್ಲ. ಯಾಕೆ? ನಿಮ್ಮ ಕಥೆ ಈ ಪ್ರಶ್ನೆ ಹಿಡಿದುಕೊಂಡು ಹೋಗಬೇಕು. ಜೊತೆಗೆ ಹೋರಾಡಿ ಸತ್ತವರ ನೆನಪು ಇತ್ತು. ಬೆಲ್ಜಿಯಂನಲ್ಲಿ ಜರ್ಮನ್ ಸೈನ್ಯ ಜನರ ಮೇಲೆ ಮಾಡಿದ ದೌರ್ಜನ್ಯವನ್ನು ಕೇಳಿದ್ದರು. ಅದರ ಜೊತೆ ಮನೆಯ ಲೆಕ್ಕವೂ ಇತ್ತು. ಸಿಪಾಯಿಯ ಹೆಂಡತಿಗೆ ಬ್ರಿಟಿಷ್ ಸರ್ಕಾರ ವಾರಕ್ಕೆ 12 ಶಿಲ್ಲಿಂಗ್ 6 ಪೆನ್ನಿ ಭತ್ಯೆ ಕೊಡುತ್ತಿತ್ತು, ಮಕ್ಕಳಿದ್ದರೆ ಇನ್ನೂ ಜಾಸ್ತಿ. ಗಂಡ ಶತ್ರುವಿನ ಕಡೆ ಸೇರಿದ ಅಂತ ಗೊತ್ತಾದರೆ ಆ ಹಣ ಉಳಿದೀತೇ? ಇನ್ನೊಂದು ಕಡೆ, ಕೇಸ್ಮೆಂಟ್ 1914ರ ಡಿಸೆಂಬರ್‌ನಲ್ಲಿ ಜರ್ಮನ್ ಸರ್ಕಾರದ ಜೊತೆ ಮಾಡಿಕೊಂಡ ಒಪ್ಪಂದ ಓದಿ. ಬ್ರಿಗೇಡಿನ ಯಾರಿಗೂ ಜರ್ಮನಿ ಸಂಬಳ ಕೊಡುವುದಿಲ್ಲ, ಇದು ದೇಶಕ್ಕಾಗಿ ಸ್ವಂತ ಇಚ್ಛೆಯ ಸೇವೆ ಅಂತ ಅದರಲ್ಲೇ ಇದೆ. ಹಾಗಾಗಿ ನಿಮ್ಮ ಚಿನ್ನದ ಥೈಲಿ ತೆಗೆದುಬಿಡಿ. ಕೂಲಿಗಾಗಿ ಮಾರಿಕೊಂಡವರು ಅನ್ನಿಸಿಕೊಳ್ಳಬಾರದು ಅಂತ ಕೇಸ್ಮೆಂಟ್ ಇಟ್ಟ ಷರತ್ತು ಅದು. ಅವನಿಗೆ ಅದು ಮಾನದ ಮಾತು. ಒಂದೇ ಕೋಣೆಯಲ್ಲಿ ಮಕ್ಕಳನ್ನು ಬಿಟ್ಟು ಬಂದವನ ಕಿವಿಗೆ ಅದೇ ಮಾತು ಹೇಗೆ ಕೇಳಿಸಿತು? ಬರೆಯಿರಿ.

ನಾನು ಚಿಕ್ಕವನಾಗಿದ್ದಾಗ ಅಮ್ಮ ಅಪ್ಪನ ಮನಿ ಆರ್ಡರಿಗೆ ಕಾಯುತ್ತಿದ್ದಳು. ಹಣ ಬಂದ ಕೂಡಲೇ ಹೊಸ್ತಿಲ ಮೇಲೆ ಕೂತು ಗುಡ್ಡೆ ಮಾಡುತ್ತಿದ್ದಳು: ಇದು ಅಂಗಡಿಗೆ, ಇದು ಹಾಲಿಗೆ, ಇದು ಸ್ಕೂಲ್ ಫೀಸಿಗೆ. ಒಂದು ಗುಡ್ಡೆ ಯಾವಾಗಲೂ ಸಾಲುತ್ತಿರಲಿಲ್ಲ. ನಿಮ್ಮ ಕಥೆಯ ಹೆಂಡತಿ ಮೊದಲ ಪುಟದಲ್ಲಿ ಕೋಟು ತಂದಿಟ್ಟು ಮಾಯವಾಗುತ್ತಾಳೆ, ಆಮೇಲೆ ಬರೀ ಕೆಮ್ಮುತ್ತಾಳೆ. ಅವಳು ಪೋಸ್ಟಾಫೀಸಿನ ಸಾಲಿನಲ್ಲಿ ನಿಲ್ಲಲಿ, ಹಣ ಎಣಿಸಲಿ.

ನಿಮ್ಮ ಸಿಪಾಯಿ ಬ್ರಿಗೇಡಿಗೆ ಸೇರಲೇಬೇಕು ಅಂತಿದ್ದರೆ ಡೇನಿಯಲ್ ಬೈಲಿಯ ಬದುಕು ನೋಡಿ. ರಾಯಲ್ ಐರಿಷ್ ರೈಫಲ್ಸ್‌ನ ಮೀಸಲು ಸಿಪಾಯಿ. ಕರೆ ಬಂತು, ಹೋದ, ಸೆರೆಯಾದ, ಬ್ರಿಗೇಡ್ ಸೇರಿದ. 1916ರ ಏಪ್ರಿಲ್ 21ರಂದು ಜರ್ಮನ್ ಜಲಾಂತರ್ಗಾಮಿಯಿಂದ ಕೇಸ್ಮೆಂಟ್ ಜೊತೆ ಐರ್ಲೆಂಡಿನ ಕೆರ್ರಿ ಕೌಂಟಿಯ ಬಾನಾ ಕಡಲತೀರದಲ್ಲಿ ಇಳಿದ. ಸಿಕ್ಕಿಬಿದ್ದ ಮೇಲೆ ಪೊಲೀಸರಿಗೆ ಗೊತ್ತಿದ್ದದ್ದನ್ನೆಲ್ಲಾ ಹೇಳಿದ. ಕೇಸ್ಮೆಂಟ್‌ಗೆ ಗಲ್ಲಾಯಿತು, ಇವನ ಮೇಲಿನ ಕೇಸು ಬಿದ್ದುಹೋಯಿತು. ಇವನನ್ನು ದ್ರೋಹಿ ಅಂತ ಬರೆಯೋದು ಸುಲಭ. ದಯವಿಟ್ಟು ಹಾಗೆ ಬರೆಯಬೇಡಿ. ಎರಡು ಸಾಮ್ರಾಜ್ಯಗಳು ಅವನ ಮೈಗೆ ಸಮವಸ್ತ್ರ ತೊಡಿಸಿದವು. ಅವನಿಗೆ ಏನು ಬೇಕಿತ್ತು ಅಂತ ಯಾರೂ ಕೇಳಿದ ಹಾಗಿಲ್ಲ. ನೀವು ಕೇಳಿ.

ಸಿಪಾಯಿಗೆ ಮೈಸೂರಿನ ಆನೆ ಕನಸಿನಲ್ಲಿ ಬರುವ ಪುಟ ತೆಗೆಯಿರಿ. ಕನ್ನಡದ ಓದುಗರಿಗಾಗಿ ಸೇರಿಸಿದ್ದು ಅಂತ ಕಾಣುತ್ತದೆ, ಅಗತ್ಯವಿಲ್ಲ. ನಂಟು ಬೇಕೇ ಬೇಕು ಅಂದರೆ ನಿಜವಾದದ್ದೇ ಒಂದಿದೆ. ರಾಯಲ್ ಡಬ್ಲಿನ್ ಫ್ಯೂಸಿಲಿಯರ್ಸ್ ಪಡೆ 1881ರಲ್ಲಿ ಹುಟ್ಟಿದ್ದು ಕಂಪನಿ ಕಾಲದ ಮದ್ರಾಸ್ ಮತ್ತು ಬಾಂಬೆ ಯುರೋಪಿಯನ್ ಪಡೆಗಳಿಂದ. ಅದರ ಯುದ್ಧ ಗೌರವಗಳ ಪಟ್ಟಿಯಲ್ಲಿ ನಮ್ಮ ನಂದಿಬೆಟ್ಟವೂ ಇದೆ, 'ನಂಡಿ ಡ್ರೂಗ್' ಅಂತ. 1791ರಲ್ಲಿ ಟಿಪ್ಪುವಿನಿಂದ ಗೆದ್ದ ಕೋಟೆ. ಮನ್‌ಸ್ಟರ್ ಪಡೆಯ ಬದಲು ಸಿಪಾಯಿಯನ್ನು ಈ ಪಡೆಗೆ ಸೇರಿಸಿದರೆ, ತನಗೆ ಗೊತ್ತೇ ಇಲ್ಲದ ಒಂದು ಬೆಟ್ಟದ ಹೆಸರು ತನ್ನ ಪಡೆಯ ಗೌರವವಾಗಿರೋದನ್ನು ಅವನು ಒಮ್ಮೆ ಓದಬಹುದು. ಒಂದು ಸಾಲು ಸಾಕು.

ಭಾಷೆ ಬಗ್ಗೆ ಜಾಸ್ತಿ ಹೇಳಲ್ಲ. 'ಅವನ ಮುಖದಲ್ಲಿ ಹಸಿವು ತಾಂಡವವಾಡುತ್ತಿತ್ತು' ಅಂತ ಬರೆದಿದ್ದೀರಿ. ಅದೇ ಪುಟದ ಕೆಳಗೆ 'ರೊಟ್ಟಿಯ ಅಂಚು ಮಕ್ಕಳಿಗೆ, ತುಣುಕು ಅವನಿಗೆ' ಅಂತಲೂ ಇದೆ. ಎರಡನೆಯದು ಉಳಿಯಲಿ.

ಈಗ 14 ಪುಟ ಇದೆ, 9 ಆದರೂ ಪರವಾಗಿಲ್ಲ. ಗುಂಡಿನ ಸಾವು ಬೇಡ. ಕೋಟು ಇನ್ನೂ ಗಿರವಿ ಅಂಗಡಿಯಲ್ಲೇ ಇದೆಯಲ್ಲ, ಅದನ್ನು ಬಿಡಿಸೋಕೆ ಯಾರು ಬರುತ್ತಾರೆ ಅಂತ ಯೋಚಿಸಿ ಕೊನೆಯ ಪುಟ ಬರೆಯಿರಿ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ. ಬಂದ ದಿನವೇ ಓದುತ್ತೇನೆ.