ಹೊಕ್ಕುಳ ಹರ್ನಿಯಾಗೆ ಈಗಲೇ ಆಪರೇಷನ್ ಬೇಕಾ?

ಎರಡು ವರ್ಷದ ಮಗಳ ಹೊಕ್ಕುಳು ಉಬ್ಬಿದೆ, ಈ ರಜೆಯಲ್ಲೇ ಆಪರೇಷನ್ ಮಾಡಿಸಿಬಿಡಲಾ ಅಂತ ಕೇಳಿದ್ದೀರಿ. ನೋವಿಲ್ಲ, ಒತ್ತಿದರೆ ಒಳಗೆ ಹೋಗುತ್ತದೆ ಅಂದಿದ್ದೀರಲ್ವಾ, ಹಾಗಿದ್ದರೆ ನಾನು ಕಾಯುತ್ತಿದ್ದೆ. ಹೊಕ್ಕುಳ ಹರ್ನಿಯಾ ಅಂದರೆ ಹೊಕ್ಕುಳಿನ ಹಿಂದೆ ಹೊಟ್ಟೆಯ ಸ್ನಾಯುವಿನಲ್ಲಿ ಉಳಿದ ತೂತಿನಿಂದ ಒಳಗಿನ ಭಾಗ ಹೊರಗೆ ಉಬ್ಬುವುದು; ಆ ತೂತು ಹೆಚ್ಚಿನ ಮಕ್ಕಳಲ್ಲಿ 4–5 ವರ್ಷದೊಳಗೆ ತಾನೇ ಮುಚ್ಚಿಕೊಳ್ಳುತ್ತದೆ. ನನ್ನ ಮಗನಿಗೂ ಇತ್ತು. ಅತ್ತಾಗ ನಿಂಬೆಹಣ್ಣಿನಷ್ಟು ಉಬ್ಬುತ್ತಿತ್ತು, ನಿದ್ದೆ ಹತ್ತಿದರೆ ಚಪ್ಪಟೆ. ಮನೆಯಲ್ಲಿ ನಾಣ್ಯ ಇಟ್ಟು ಬಟ್ಟೆ ಕಟ್ಟಿದೆವು, ಚರ್ಮ ಕೆಂಪಾಗಿ ಗುಳ್ಳೆ ಎದ್ದಿದ್ದೇ ಬಂತು. ಅದನ್ನು ಮಾತ್ರ ಮಾಡಬೇಡಿ. ನಾಲ್ಕು ತುಂಬುವಷ್ಟರಲ್ಲಿ ಮುಚ್ಚಿಕೊಂಡಿತು.

ಒಮ್ಮೆ ಮಕ್ಕಳ ಸರ್ಜನ್‌ಗೆ ತೋರಿಸಿ, ತೂತು ಎಷ್ಟು ದೊಡ್ಡದು ಅಂತ ಕೇಳಿ. ತುಂಬಾ ದೊಡ್ಡದಿದ್ದರೆ ತಾನೇ ಮುಚ್ಚುವ ಸಾಧ್ಯತೆ ಕಡಿಮೆ. ಉಬ್ಬಿರುವುದು ತೊಡೆಸಂದಿನಲ್ಲಾದರೆ ಮಾತೇ ಬೇರೆ, ಅದಕ್ಕೆ ತಡ ಮಾಡಬಾರದು. ಗಂಟು ಗಟ್ಟಿಯಾಗಿ ಒಳಗೆ ಹೋಗದಿದ್ದರೆ, ಮಗು ವಾಂತಿ ಮಾಡಿದರೆ, ನಡುರಾತ್ರಿಯಾದರೂ ಆಸ್ಪತ್ರೆಗೆ ಓಡಿ.