ಹಡಗು ಹತ್ತುವ ದಿನ ಎಲಿಫೆಂಟಾ ಬೇಡ

ನಿಮ್ಮ ಮುಂಬೈ ಕ್ರೂಸ್ ಪ್ಲಾನ್ ಕೂಡಿಬರದೇ ಇರುವುದಕ್ಕೆ ಕಾರಣ ಎಲಿಫೆಂಟಾ, ಅಂದರೆ ಮುಂಬೈ ಹತ್ತಿರದ ದ್ವೀಪದಲ್ಲಿರುವ ಗುಹೆಗಳು. ದಾವಣಗೆರೆಯಿಂದ ಬೆಳಿಗ್ಗೆ ಮುಂಬೈಗೆ ಇಳಿದು, ಗುಹೆ ನೋಡಿ, ಅದೇ ಮಧ್ಯಾಹ್ನ ಕ್ರೂಸ್ ಹತ್ತುತ್ತೇವೆ ಅಂತ ಬರೆದಿದ್ದೀರಿ. ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿಗೇ ಹೋಗುತ್ತಾ ಒಂದು ಗಂಟೆ, ಬರುತ್ತಾ ಒಂದು ಗಂಟೆ. ರೈಲು ತಡವಾದರೆ ಮುಗಿಯಿತು.

ಒಂದು ದಿನ ಮೊದಲೇ ಹೋಗಿ. ಫೋರ್ಟ್ ಪ್ರದೇಶ ಅಥವಾ ಕೊಲಾಬಾದಲ್ಲಿ ರೂಮ್ ಮಾಡಿ, ಕ್ರೂಸ್ ಹತ್ತುವ ಬ್ಯಾಲಾರ್ಡ್ ಪಿಯರ್ ಹತ್ತಿರವಾಗುತ್ತದೆ. ಆ ಸಂಜೆ ಗೇಟ್‌ವೇ, ಆಮೇಲೆ ಮರೀನ್ ಡ್ರೈವ್. ಅಷ್ಟು ಸಾಕು, ಮಕ್ಕಳೂ ಸುಸ್ತಾಗಿರುತ್ತಾರೆ ಅಲ್ವಾ. ಮರುದಿನ ಬೆಳಿಗ್ಗೆ ಏನೂ ಇಟ್ಟುಕೊಳ್ಳಬೇಡಿ. ತಿಂಡಿ ತಿಂದು ನೇರ ಬಂದರಿಗೆ ಹೋಗಿ. ಬೋರ್ಡಿಂಗ್ ಗೇಟ್ ಹಡಗು ಹೊರಡುವುದಕ್ಕೆ ಬಹಳ ಮೊದಲೇ ಮುಚ್ಚುತ್ತದೆ. ಆ ಸಮಯ ಬದಲಾಗಬಹುದು, ಹಿಂದಿನ ರಾತ್ರಿ ಇನ್ನೊಮ್ಮೆ ನೋಡಿ.

ವಾಪಸ್ ಬಂದ ದಿನ ರಾತ್ರಿ ರೈಲು ಅಂದಿರಿ. ಲಗೇಜನ್ನು ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿಡಿ. ಬ್ಯಾಗಿಗೆ ಬೀಗ ಇರಲಿ, ರೈಲು ಟಿಕೆಟ್ ಕೈಯಲ್ಲಿರಲಿ. ಹಡಗಿನಿಂದ ಬೆಳಿಗ್ಗೆ ಬೇಗ ಇಳಿದರೆ ಮಾತ್ರ ಎಲಿಫೆಂಟಾ. ಸೋಮವಾರ ಗುಹೆಗೆ ರಜೆ. ಮಳೆಗಾಲದಲ್ಲಿ ದೋಣಿಯನ್ನು ನಂಬಬೇಡಿ. ಗುಹೆಗೆ ಹತ್ತಲು ನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ದುರ್ಗದ ಕೋಟೆ ಹತ್ತಿದವರಿಗೆ ಅದೇನೂ ಅಲ್ಲ, ಆದರೆ ನಿಮ್ಮ ತಾಯಿಗೆ ಮಂಡಿನೋವು ಅಂದಿದ್ದೀರಿ. ಹೊತ್ತೊಯ್ಯುವ ಕುರ್ಚಿ ಸಿಗುತ್ತದೆ, ದರ ಮೊದಲೇ ಮಾತಾಡಿಕೊಳ್ಳಿ. ಅದೂ ಬೇಡವೆಂದರೆ ಗೇಟ್‌ವೇ ಹತ್ತಿರವೇ ಛತ್ರಪತಿ ಶಿವಾಜಿ ಮಹಾರಾಜ್ ಮ್ಯೂಸಿಯಂ ಇದೆ. ಬಿಸಿಲಿಲ್ಲ, ಕೂರಲು ಜಾಗವಿದೆ. ನನ್ನ ಕೇಳಿದರೆ ಅದೇ ವಾಸಿ.