ಹುಲ್ಲುಹಾಸಿಗೆ ಸ್ಪ್ರಿಂಕ್ಲರ್ ಹಾಕುವಾಗ ಒಂದು ಲೈನಿಗೆ (ಒಂದೇ ವಾಲ್ವಿನಿಂದ ನೀರು ಹೋಗುವ ಪೈಪಿಗೆ) ಎಷ್ಟು ಹೆಡ್ (ನೀರು ಚಿಮ್ಮಿಸುವ ಭಾಗ) ಕೊಡಬಹುದು ಅಂತ ಲೆಕ್ಕ ಹಾಕೋದು ಹೇಗೆ?

ಮೊದಲು ನಿಮ್ಮ ನಲ್ಲಿಯಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ನೀರು ಬರುತ್ತದೆ ಅಂತ ಅಳೆಯಿರಿ. ಬೇರೆ ನಲ್ಲಿಗಳನ್ನೆಲ್ಲ ಮುಚ್ಚಿ, ಇದನ್ನು ಪೂರ್ತಿ ತೆರೆದು 20 ಲೀಟರ್ ಬಕೆಟ್ ಇಡಿ. 40 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 30 ಲೀಟರ್. ಅಷ್ಟನ್ನೂ ಬಳಸಬೇಡಿ, ಯಾಕಂದ್ರೆ ಬಕೆಟ್ಟಿಗೆ ಸುಮ್ನೆ ಸುರಿಯುವ ನೀರಿಗೆ ಒತ್ತಡ ಬೇಕಿಲ್ಲ, ಆದರೆ ಸ್ಪ್ರಿಂಕ್ಲರಿಗೆ ದೂರ ಚಿಮ್ಮಲು ಒತ್ತಡ ಬೇಕೇ ಬೇಕು, ಹರಿವು ಜಾಸ್ತಿಯಾದಷ್ಟೂ ಪೈಪಿನಲ್ಲಿ ಆ ಒತ್ತಡ ಕಳೆದುಹೋಗುತ್ತದೆ. ನಾನಾದರೆ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಂದರೆ 24 ಲೀಟರಿಗೆ ನಿಲ್ಲಿಸುತ್ತೇನೆ.

ಪ್ರತಿ ನಾಝಲ್, ಅಂದರೆ ಹೆಡ್ಡಿನಲ್ಲಿ ನೀರು ಹೊರಬರುವ ಮೂತಿ, ಎಷ್ಟು ಒತ್ತಡಕ್ಕೆ ಎಷ್ಟು ನೀರು ಬಿಡುತ್ತದೆ ಅನ್ನೋದು ತಯಾರಕರ ಪಟ್ಟಿಯಲ್ಲಿರುತ್ತದೆ. ಒಂದಕ್ಕೆ ನಿಮಿಷಕ್ಕೆ 6 ಲೀಟರ್ ಅಂದರೆ ಒಂದು ಲೈನಿಗೆ ನಾಲ್ಕೇ ಹೆಡ್. ಹತ್ತು ಬೇಕಿದ್ದರೆ ಮೂರು ಲೈನ್ ಮಾಡಿ, ಒಂದೊಂದಕ್ಕೂ ಬೇರೆ ವಾಲ್ವ್ ಕೊಟ್ಟು ಸರದಿಯಲ್ಲಿ ಬಿಡಿ.

ಜನ ಮರೆಯೋದು ಮೂಲೆಯ ಹೆಡ್‌ಗಳನ್ನು. ಕಾಲು ವೃತ್ತ ತಿರುಗುವ ಹೆಡ್ಡಿಗೂ ಪೂರ್ತಿ ತಿರುಗುವ ಹೆಡ್ಡಿನ ನಾಝಲ್ಲನ್ನೇ ಹಾಕಿದರೆ ಅಲ್ಲಿ ನಾಲ್ಕು ಪಟ್ಟು ನೀರು ಬೀಳುತ್ತದೆ, ಮೂಲೆ ಕೆಸರಾಗುತ್ತದೆ ಅಲ್ವಾ? ಅದಕ್ಕೆ ಕಾಲು ಭಾಗ ನೀರು ಬಿಡುವ ನಾಝಲ್ ಹಾಕಿ.